ದೊಡ್ಡಮ್ಮನ ಎದೆಯೊಳಗಿನ ಮಬ್ಬು

ನನ್ನ ದೊಡ್ಡಮ್ಮನ ಕಣ್ಣಿಗೆ ಬಿದ್ದ ಮೇಲೆ ತಮ್ಮ ಮೈಯಳತೆಯನ್ನು ಗುಟ್ಟಾಗಿ ಉಳಿಸಿಕೊಂಡವರು ಶಿರಸಿಯಲ್ಲಿ ಯಾರೂ ಇಲ್ಲ. ಪೇಟೆಯಲ್ಲಿ ಅವಳದೊಂದು ಪುಟ್ಟ ಟೈಲರಿಂಗ್ ಅಂಗಡಿ. ಹೊಲಿಯುವುದು ರವಿಕೆ ಮಾತ್ರ. ಕುತ್ತಿಗೆಯಲ್ಲಿ ಟೇಪು ನೇತಾಡುತ್ತಿರುತ್ತದೆ, ಅದು ಬರೀ ಗೌರವಕ್ಕೆ. ಅಳೆಯುವುದು ಕಣ್ಣಿನಿಂದಲೇ. ಮದುವೆಮನೆಯ ಊಟದಲ್ಲಿ ಪಕ್ಕದವರ ಎಲೆಗೆ ಪಾಯಸ ಬೀಳುವ ಹೊತ್ತಿಗೆ ಸರಿಯಾಗಿ, "ತೋಳು ಸಡ್ಲ ಮಾಡವು ಕಾಣ್ತು" ಎಂದುಬಿಡುತ್ತಾಳೆ. ಆಮೇಲೆ ಪಾಯಸ ಗಂಟಲಲ್ಲಿ ಇಳಿಯುವುದುಂಟೇ!

ಇಂಥ ದೊಡ್ಡಮ್ಮ ಒಂದು ದಿನ ಮೇಲಿನ ಹಲಗೆಯಲ್ಲಿದ್ದ ಬಟ್ಟೆಗೆ ಕೈ ಚಾಚಿ ಸ್ಟೂಲಿನಿಂದ ಬಿದ್ದಳು. ಪಕ್ಕೆಲುಬು ಮುರಿದಿರಬಹುದೆಂದು ಹುಬ್ಬಳ್ಳಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದೆ. ಎಲುಬಿಗೆ ಏನೂ ಆಗಿರಲಿಲ್ಲ. ಆದರೆ ಬಲಗಡೆಯ ಶ್ವಾಸಕೋಶದ ಮೂಲೆಯಲ್ಲಿ ಒಂದು ಚುಕ್ಕೆ ಕಂಡಿತು. ಕನ್ನಡಿಯ ಮೇಲೆ ಬಾಯುಸಿರು ಬಿಟ್ಟರೆ ಮೂಡುತ್ತದಲ್ಲ, ಅಂಥ ಮಬ್ಬು. ಆರು ಮಿಲಿಮೀಟರ್.

"ರವಿಕೆ ಹುಕ್ಕಿನಷ್ಟೂ ಇಲ್ಲೆ!" ಎಂದಳು ದೊಡ್ಡಮ್ಮ, ಮೋಸ ಹೋದವಳ ಹಾಗೆ.

ಡಾಕ್ಟರು ಸಮಾಧಾನದ ಮನುಷ್ಯ. "ಅಮ್ಮಾರ, ಇದು ತಾನ ಹೋಗಬಹುದು, ಹಿಂಗ ಇರಬಹುದು, ನಿಧಾನಕ ಕ್ಯಾನ್ಸರೂ ಆಗಬಹುದು. ಈಗ ಏನೂ ಮಾಡೂದು ಬ್ಯಾಡ್ರಿ. ಆರು ತಿಂಗಳು ಬಿಟ್ಟು ಬರ್ರಿ. ಎರಡೂ ಚಿತ್ರ ಬಾಜೂಕ ಇಟ್ಟು ನೋಡೂಣು."

ನನಗೆ ಕೇಳಿಸಿದ್ದು ಕ್ಯಾನ್ಸರ್ ಎಂಬ ಶಬ್ದ ಮಾತ್ರ. ದೊಡ್ಡಮ್ಮನಿಗೆ ಕೇಳಿಸಿದ್ದೇ ಬೇರೆ. ಹೊರಗೆ ಬಂದವಳೇ, "ಕೂಸೇ, ಆನು ಇಷ್ಟು ವರ್ಷ ಮುಂದಿನ ವಾರ ಬನ್ನಿ ಹೇಳಿ ಗಿರಾಕಿಗಳ ಹತ್ರ ಬೈಸ್ಕಂಡೆ. ಇಂವ ಆರು ತಿಂಗಳು ಬಿಟ್ಟು ಬಾ ಹೇಳಿ ಫೀಸು ತಗಂಡ!" ಎಂದಳು.

ಸ್ಕ್ಯಾನಿನ ಫಿಲ್ಮು ಕಪಾಟು ಸೇರಲಿಲ್ಲ, ಅಂಗಡಿಯ ಕಿಟಕಿ ಗಾಜಿಗೆ ಅಂಟಿಕೊಂಡಿತು. ಅಲ್ಲಿ ಬೆಳಕು ಚೆನ್ನಾಗಿದೆ ಎಂಬುದು ಅವಳ ವಾದ. ರವಿಕೆ ಕೊಡಲು ಬಂದವರೆಲ್ಲ ಅವಳ ಶ್ವಾಸಕೋಶವನ್ನು ನೋಡಿ ಹೋಗತೊಡಗಿದರು. ಬನವಾಸಿಯಿಂದ ಬಂದ ಹೆಂಗಸೊಬ್ಬಳು ಅದರ ಮುಂದೆ ಬಹಳ ಹೊತ್ತು ನಿಂತು, "ಅಕ್ಕಾರ, ಈ ಎರಡು ಎಲಿ ಡಿಸೈನು ಚಲೋ ಐತ್ರಿ. ನನ್ನ ಬೆನ್ನಿಗೆ ಇದನ್ನೇ ಹಾಕ್ರಿ" ಎಂದಳು.

"ಬೇಡ ತಂಗಿ. ಅದು ನನಗೊಬ್ಬಳಿಗೇ ಹೊಂದೂದು" ಎಂದಳು ದೊಡ್ಡಮ್ಮ, ಸೂಜಿಯಿಂದ ತಲೆ ಎತ್ತದೆ.

ಆರು ತಿಂಗಳ ನಂತರದ ಸ್ಕ್ಯಾನಿನಲ್ಲಿ ಮಬ್ಬು ಇದ್ದಲ್ಲೇ ಇದ್ದಷ್ಟೇ ಇತ್ತು. ದೊಡ್ಡಮ್ಮ ಗೆದ್ದವಳಂತೆ ಮರಳಿದಳು. ಇನ್ನೊಂದು ವರ್ಷ ಬಿಟ್ಟು ಬರಲು ಡಾಕ್ಟರು ಹೇಳಿದ್ದರು. ವರ್ಷ ತುಂಬಿದಾಗ ಅವಳು ಹೊರಡಲೇ ಒಪ್ಪಲಿಲ್ಲ.

"ಮದುವೆ ಸೀಸನ್ನು. ಆ ಮಬ್ಬಿಗೆ ಬೆಳೆಯೋ ಅಭ್ಯಾಸವೇ ಇಲ್ಲೆ. ಎಂತಕ್ಕೆ ಹೋಗದು?"

ಕೊನೆಗೆ, ಹುಬ್ಬಳ್ಳಿಯಲ್ಲಿ ಲೈನಿಂಗ್ ಬಟ್ಟೆ ಅಗ್ಗ ಎಂದೆ. ಬಸ್ಸಿಗೆ ನನಗಿಂತ ಮೊದಲು ಹತ್ತಿದಳು.

ಡಾಕ್ಟರು ಹಳೆಯ ಚಿತ್ರವನ್ನೂ ಹೊಸದನ್ನೂ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟರು. ಮಬ್ಬು ಅಗಲವಾಗಿತ್ತು. ಅದರ ನಡುವೆ, ಹಿಂದೆ ಇಲ್ಲದ ಗಟ್ಟಿ ಬಿಳಿ ಚುಕ್ಕೆಯೊಂದು ಹುಟ್ಟಿಕೊಂಡಿತ್ತು. ದೊಡ್ಡಮ್ಮ ಕನ್ನಡಕ ಒರೆಸಿಕೊಂಡು ನೋಡಿದಳು. ಹಳೆಯದನ್ನು ಮತ್ತೊಮ್ಮೆ ತೋರಿಸಲು ಹೇಳಿದಳು. ಮತ್ತೆ ಹೊಸದನ್ನು. ಬೇರೆಯವರ ಮೈಯನ್ನು ಅಷ್ಟು ಹೊತ್ತು ಅವಳು ಎಂದೂ ನೋಡಿದ್ದಿಲ್ಲ.

"ಈ ಬಿಳಿ ಭಾಗ ಬಂತಂದ್ರ ಇನ್ನ ಕಾಯಬಾರದ್ರಿ" ಎಂದರು ಡಾಕ್ಟರು.

"ಹಾಗಾದ್ರೆ ತೆಗೆದುಬಿಡಿ ಡಾಕ್ಟ್ರೇ. ಕಚ್ಚಾ ಹೊಲಿಗೆ ಇರುವಾಗಲೇ ಬಿಚ್ಚೂದು ಸುಲಭ."

ಡಾಕ್ಟರು ನಕ್ಕರು. ನಾನೂ ನಕ್ಕೆ. ಮರಳುವ ಬಸ್ಸು ಮುಂಡಗೋಡ ದಾಟಿದ ಮೇಲೆ, ಲೈನಿಂಗ್ ಬಟ್ಟೆ ಕೊಂಡೇ ಇಲ್ಲ ಎಂಬುದು ನೆನಪಾಯಿತು. ಅವಳಿಗೂ ನೆನಪಾಗಿರಬೇಕು. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮುಂದಿನ ಸೀಟಿನಾಕೆಯ ರವಿಕೆ ಬೆನ್ನಲ್ಲಿ ಎಳೆಯುತ್ತಿತ್ತು. ದೊಡ್ಡಮ್ಮ ಅದರತ್ತ ಕಣ್ಣೂ ಹಾಯಿಸಲಿಲ್ಲ.

ಶ್ವಾಸಕೋಶದ ಆ ಭಾಗವನ್ನು ತೆಗೆದರು. ಅದು ಕ್ಯಾನ್ಸರೇ. ಆದರೆ ಎಳೆಯದು, ಎಲ್ಲಿಗೂ ಹಬ್ಬಿರಲಿಲ್ಲ. ಬೇರೆ ಔಷಧ ಬೇಡ, ಆಗಾಗ ಬಂದು ಸ್ಕ್ಯಾನ್ ಮಾಡಿಸಿದರೆ ಸಾಕು ಎಂದರು. ದೊಡ್ಡಮ್ಮನಿಗೆ ಇದಕ್ಕಿಂತ ದೊಡ್ಡ ಚಿಂತೆ ಆಸ್ಪತ್ರೆಯ ಗೌನಿನದು. "ಇದನ್ನ ಕತ್ತರಿಸಿದವ್ರು ಯಾರು? ಹಿಂದೆ ಪೂರಾ ತೆರೆದೇ ಇದ್ದು! ಬಟ್ಟೆ ಕಮ್ಮಿ ಬಿತ್ತಾ?" ಎಂದು ಬಂದ ನರ್ಸುಗಳಿಗೆಲ್ಲ ವಿಚಾರಣೆ. ಉಸಿರಿನ ವ್ಯಾಯಾಮಕ್ಕೆ ಕೊಟ್ಟ ಮೂರು ಚೆಂಡಿನ ಡಬ್ಬಿಯಲ್ಲಿ ಅವಳಿಂದ ಏರುತ್ತಿದ್ದದ್ದು ಒಂದೇ ಚೆಂಡು. ನಾನು ಒಮ್ಮೆ ಉಸಿರೆಳೆದು ಮೂರನ್ನೂ ಏರಿಸಿದೆ. ಆ ಮಧ್ಯಾಹ್ನವೆಲ್ಲ ನನ್ನ ಜೊತೆ ಮಾತಿಲ್ಲ.

ಮನೆಗೆ ಹೊರಡುವ ಬೆಳಿಗ್ಗೆ ಬಟ್ಟೆ ಬದಲಿಸಲು ಅವಳ ಗೌನಿನ ಲಾಡಿ ಬಿಚ್ಚಿದೆ. ದೊಡ್ಡಮ್ಮನ ಬೆನ್ನನ್ನು ನಾನು ನೋಡಿದ್ದು ಅದೇ ಮೊದಲು. ಇಷ್ಟು ಸಣ್ಣದೇ? ಪಕ್ಕೆಯ ಮೇಲೆ ಪಟ್ಟಿ.

"ಹೊಲಿಗೆ ನೇರ ಇದ್ದನೇ?" ಎಂದಳು.

ಪಟ್ಟಿಯ ಅಡಿಯದು ನನಗೆಲ್ಲಿ ಕಾಣಬೇಕು? "ನೇರ ಇದ್ದು" ಎಂದೆ. ದನಿ ಕೈಕೊಟ್ಟಿತು.

ಅವಳು ತಿರುಗಲಿಲ್ಲ. ಕೈಯನ್ನು ಹಿಂದಕ್ಕೆ ತಂದು, ತಡವರಿಸಿ, ನನ್ನ ಬೆರಳು ಹಿಡಿದುಕೊಂಡಳು.

"ಎನಗೂ ಹೆದ್ರಿಕೆ ಆಗಿತ್ತು ಕೂಸೇ. ಮೊದಲ ದಿನದಿಂದನೂ."