ನನ್ನ ಬದಲಿಗೆ ಬಂದ ಕೆಂಚಪ್ಪ

ಹೊಸ ಭಾಷೆ ಕಲಿಯಬೇಕೆನ್ನುವವರು ಅದನ್ನು ಯಾರಿಂದ ಕಲಿಯುತ್ತಿದ್ದೇವೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಪುಸ್ತಕದಿಂದ ಕಲಿತರೆ ಪುಸ್ತಕದ ಹಾಗೆ ಮಾತಾಡುತ್ತೇವೆ. ಯಾರಿಗೂ ತಿಳಿಯುವುದಿಲ್ಲ, ಆದರೆ ಮಾನ ಉಳಿಯುತ್ತದೆ. ಮನುಷ್ಯರಿಂದ ಕಲಿತರೆ ಆ ಮನುಷ್ಯರ ಹಾಗೆಯೇ ಮಾತಾಡುತ್ತೇವೆ. ಎಲ್ಲರಿಗೂ ತಿಳಿಯುತ್ತದೆ, ಮಾನದ ಸಂಗತಿ ಬೇರೆ. ನಾನು ಎರಡನೆಯ ದಾರಿ ಹಿಡಿದವನು. ಹಿಡಿದವನು ಅನ್ನುವುದಕ್ಕಿಂತ, ಆ ದಾರಿಗೆ ಜಾರಿ ಬಿದ್ದವನು ಅನ್ನಬೇಕು.

ಎಪ್ಪತ್ತರ ದಶಕದ ಮಾತು. ವಿಜಾಪುರ ಕಡೆಯ ಟಿಕೋಟಾದಿಂದ ಪುಣೆಗೆ ಓದಲು ಹೋಗಿದ್ದ ನಾನು ಜರ್ಮನ್ ಭಾಷೆ ಕಲಿಯಬೇಕೆಂದಿದ್ದೆ. ಜರ್ಮನ್ ಕ್ಲಾಸಿನಲ್ಲಿ ಕೂಡಲು ಜಾಗವಿರಲಿಲ್ಲ. ಪಕ್ಕದ ಕೋಣೆಯಲ್ಲಿ ಜಪಾನಿ ಕ್ಲಾಸು ನಡೆಯುತ್ತಿತ್ತು, ಅಲ್ಲಿ ಫ್ಯಾನ್ ಇತ್ತು. ಹೀಗೆ ನಾನು ಜಪಾನಿ ಭಾಷೆಯ ವಿದ್ಯಾರ್ಥಿಯಾದೆ. ಮುಂದೆ ನಮ್ಮ ಕಾಲೇಜಿಗೂ ಜಪಾನಿನ ಒಂದು ವಿಶ್ವವಿದ್ಯಾಲಯಕ್ಕೂ ಒಪ್ಪಂದವಾಗಿ, ಇಲ್ಲಿಂದ ಒಬ್ಬ ವಿದ್ಯಾರ್ಥಿ ವರ್ಷದ ಮಟ್ಟಿಗೆ ಅಲ್ಲಿಗೆ, ಅಲ್ಲಿಂದ ಒಬ್ಬ ಇಲ್ಲಿಗೆ ಎಂದಾಯಿತು. ನನಗಿಂತ ಚೆನ್ನಾಗಿ ಕಲಿತಿದ್ದವರು ಇಬ್ಬರಿದ್ದರು. ಒಬ್ಬನಿಗೆ ಬ್ಯಾಂಕಿನಲ್ಲಿ ನೌಕರಿ ಸಿಕ್ಕಿತು, ಇನ್ನೊಬ್ಬನಿಗೆ ಹೆಂಡತಿ ಸಿಕ್ಕಳು. ಉಳಿದವನು ನಾನು.

ಸುದ್ದಿ ಹೇಳಲು ಊರಿಗೆ ಬಂದೆ. ಅಪ್ಪನಿಗೆ ಖುಷಿಯಾಯಿತು. ಅಲ್ಲಿಯವರ ಭಾಷೆ ಹೇಗಿರುತ್ತದೆ ಎಂದು ಕೇಳಿದರು. ಮೊದಲ ಪಾಠದಲ್ಲೇ ಕಲಿತದ್ದನ್ನು ಹೇಳಿಬಿಟ್ಟೆ: ತನ್ನ ತಾಯಿಗೆ 'ಹಾಹಾ' ಎನ್ನುತ್ತಾರೆ, ತನ್ನ ತಂದೆಗೆ 'ಚಿಚಿ' ಎನ್ನುತ್ತಾರೆ. ಅವ್ವ ನಕ್ಕಳು. ಅಪ್ಪ ನಗಲಿಲ್ಲ. ಇಷ್ಟು ವರ್ಷ ಸಾಲಿ ಕಲಿಸಿದ್ದು ಛೀ ಛೀ ಅನ್ನಿಸಿಕೊಳ್ಳುವುದಕ್ಕೋ ಎಂದು ಎದ್ದು ಹೊಲಕ್ಕೆ ಹೋದರು. ಅದಲಾಬದಲಿಯ ವಿಷಯ ಮಾತ್ರ ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಚೆನ್ನಾಗಿ ತಿಳಿಯಿತು. ಸಂತೆಯಲ್ಲಿ ಎತ್ತು ಅದಲಾಬದಲಿ ಮಾಡಿಕೊಳ್ಳುವುದನ್ನು ಅವಳು ಚಿಕ್ಕಂದಿನಿಂದ ನೋಡಿದವಳು. "ಅವ್ರು ಕೊಡೂದು ಎಂಥಾದೈತಿ, ಹಲ್ಲ ನೋಡಿ ತಗೋರಿ" ಎಂದಷ್ಟೇ ಹೇಳಿದಳು. ತಾವು ಕೊಡುತ್ತಿರುವುದು ಎಂಥದು ಎಂಬ ಬಗ್ಗೆ ಅವಳಿಗೆ ಹೆಚ್ಚಿನ ಭ್ರಮೆಯೇನೂ ಇದ್ದಂತಿರಲಿಲ್ಲ.

ಜಪಾನಿನಲ್ಲಿ ನನ್ನನ್ನು ಕಳಿಸಿದ್ದು ಉತ್ತರದ ಕಡೆಯ ಒಂದು ಸಣ್ಣ ಊರಿಗೆ. ಹಿಮವೆಂದರೆ ಅಂಥಿಂಥ ಹಿಮವಲ್ಲ, ಬಾಗಿಲು ತೆರೆದರೆ ಮುಂದೆ ಬಿಳಿ ಗೋಡೆ. ನನ್ನ ಬದಲಿಗೆ ಭಾರತಕ್ಕೆ ಹೊರಟಿದ್ದ ಕೆಂಜಿ ಎಂಬ ಹುಡುಗನ ಮನೆಯಲ್ಲಿ, ಅವನದೇ ಕೋಣೆಯಲ್ಲಿ ನನಗೆ ವಾಸ. ಅವನ ತಂದೆತಾಯಿ ಬೆಳಗಾದರೆ ಕೆಲಸಕ್ಕೆ ಹೋಗಿಬಿಡುವರು. ಮನೆಯಲ್ಲಿ ಉಳಿಯುವವರು ಅವನ ಹಲ್ಲಿಲ್ಲದ ಅಜ್ಜಿ ಮತ್ತು ನಾನು. ಅಲ್ಲಿ ಒಂದು ಗಿಡ್ಡ ಮೇಜು ಇರುತ್ತದೆ. ಅದರ ಕೆಳಗೆ ಕೆಂಡ, ಮೇಲೆ ರಜಾಯಿ. ಅದರೊಳಗೆ ಕಾಲು ತೂರಿಸಿ ಕೂತರೆ ಏಳಲು ಮನಸ್ಸಾಗುವುದಿಲ್ಲ. ವಿಶ್ವವಿದ್ಯಾಲಯಕ್ಕೆ ಹೋಗಲು ಹಿಮದಲ್ಲಿ ನಡೆಯಬೇಕಿತ್ತು. ಅಜ್ಜಿ ಹತ್ತಿರ ಕೂಡಲು ನಡೆಯಬೇಕಾಗಿರಲಿಲ್ಲ. ನಾನು ಅಜ್ಜಿಯನ್ನೇ ಆರಿಸಿಕೊಂಡೆ.

ಆ ಕಡೆಯ ಹಳ್ಳಿಯವರು ಮಾತಿನ ಕೊನೆಗೆ 'ಬೇ' ಎನ್ನುತ್ತಾರೆ. ನಾನು ಸುಳ್ಳು ಹೇಳುತ್ತಿಲ್ಲ. 'ಹೋಗೋಣ ನಡಿ' ಎನ್ನಲು 'ಇಗುಬೇ' ಎನ್ನುತ್ತಾರೆ. ನಮ್ಮ ಟಿಕೋಟಾದಲ್ಲಿ ಅವ್ವನಿಗೆ, ಅಕ್ಕನಿಗೆ 'ಬಾ ಬೇ, ಹೌದ ಬೇ' ಅನ್ನುವಂತೆಯೇ ಅದು ಕಿವಿಗೆ ಬಿದ್ದಿತು. ಸಮುದ್ರ ದಾಟಿ ಬಂದು ದಿಕ್ಕು ತಪ್ಪಿದಂತೆ ಕೂತಿದ್ದ ನನಗೆ ಕಣ್ಣು ತುಂಬಿ ಬಂತು. ಅಂದಿನಿಂದ ಪುಣೆಯಲ್ಲಿ ಕಲಿತ ವ್ಯಾಕರಣವನ್ನೆಲ್ಲ ಗಂಟು ಕಟ್ಟಿಟ್ಟು, ಅಜ್ಜಿ ಹೇಳಿದ್ದನ್ನು ಅಜ್ಜಿ ಹೇಳಿದಂತೆಯೇ ಹೇಳತೊಡಗಿದೆ. ಒಮ್ಮೆ ಅವಳು "ಕಾಕಿ ತಿನ್ನುತ್ತೀಯಾ" ಎಂದು ಕೇಳಿದಾಗ ಮಾತ್ರ ಗಾಬರಿಯಾಯಿತು. ನಮ್ಮ ಕಾಕಿಯನ್ನು, ಅಂದರೆ ಚಿಕ್ಕಪ್ಪನ ಹೆಂಡತಿಯನ್ನು, ಯಾರೂ ತಿನ್ನಲಾರರು, ಎಲ್ಲರ ತಲೆ ತಿನ್ನುವವಳು ಅವಳು. ಆಮೇಲೆ ನೋಡಿದರೆ ಕಾಕಿ ಅಂದರೆ ಅಲ್ಲಿ ಒಂದು ಹಣ್ಣು. ನಮ್ಮ ಕಾಕಿಗಿಂತ ಬಹಳ ಸಿಹಿ.

ವರ್ಷದ ಕೊನೆಗೆ ಪ್ರೊಫೆಸರರು ಬಾಯಿಪರೀಕ್ಷೆಗೆ ಕರೆದರು. ಬಹಳ ಗಂಭೀರ ಮನುಷ್ಯ. ಬಾಗಿ ನಮಸ್ಕಾರ ಮಾಡಿ, ಹೇಗಿದ್ದೀರಿ, ಸೊಂಟದ ನೋವು ಕಡಿಮೆಯಾಯಿತೇ, ಈ ಚಳಿಯಲ್ಲಿ ಹಲ್ಲಿಲ್ಲದವರ ಪಾಡು ದೇವರಿಗೇ ಪ್ರೀತಿ ಎಂದು, ನನಗೆ ಬರುತ್ತಿದ್ದಷ್ಟನ್ನು ಸರಾಗವಾಗಿ ಮಾತಾಡಿದೆ. ಮಾತುಮಾತಿಗೆ ಬೇ ಸೇರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಹಳ ಹೊತ್ತು ಮುಖ ಮುಚ್ಚಿಕೊಂಡು ಕೂತರು. ಭುಜ ಕುಲುಕುತ್ತಿದ್ದವು. ನಕ್ಕರೋ ಅತ್ತರೋ ನನಗೆ ಇಂದಿಗೂ ಗೊತ್ತಿಲ್ಲ. ಪಾಸು ಮಾಡಿದರು.

ಇತ್ತ ಊರಿನ ಸುದ್ದಿ ಅಪ್ಪನ ಪತ್ರಗಳಿಂದ ತಿಳಿಯುತ್ತಿತ್ತು. ಪುಣೆಯಲ್ಲಿ ಮರಾಠಿ ಕಲಿಯಬೇಕಿದ್ದ ಕೆಂಜಿ, ಗೋಳಗುಮ್ಮಟ ನೋಡಲೆಂದು ವಿಜಾಪುರಕ್ಕೆ ಬಂದವನು, ಹಾಗೆಯೇ ನಮ್ಮ ಮನೆಯವರನ್ನೂ ಮಾತಾಡಿಸಿ ಹೋಗೋಣವೆಂದು ಟಿಕೋಟಾಕ್ಕೆ ಬಂದಿದ್ದ. ಬಂದವನು ಹೋಗಲೇ ಇಲ್ಲ. ಆಯಿ ಅವನ ಬಾಯಿ ತೆಗೆಸಿ ಹಲ್ಲು ನೋಡಿ ಒಪ್ಪಿಗೆ ಕೊಟ್ಟಿದ್ದಳು. ಕೆಂಜಿ ಎನ್ನಲು ನಾಲಿಗೆ ಹೊರಳದೆ ಕೆಂಚಪ್ಪ ಎಂದು ಹೆಸರಿಟ್ಟಿದ್ದಳು. ಪತ್ರಗಳಲ್ಲಿ ಕೆಂಚಪ್ಪ ಎಮ್ಮೆ ಹಿಂಡುವುದನ್ನು ಕಲಿತ, ಕೆಂಚಪ್ಪ ಒಣಗಿದ ಕಟಕ ರೊಟ್ಟಿಯ ಜೊತೆ ಕೆಂಪು ಖಾರ ತಿಂದು ಅರಗಿಸಿಕೊಂಡ, ಕೆಂಚಪ್ಪನಿಗೆ ನೆಗಡಿಯಾಗಿತ್ತು, ಈಗ ಆರಾಮ ಎಂದೆಲ್ಲ ಇರುತ್ತಿತ್ತು. ಕೊನೆಯಲ್ಲಿ ಜಾಗ ಉಳಿದರೆ 'ನೀನೂ ಆರಾಮ ಇರಬಹುದು' ಎಂದು ಒಂದು ಸಾಲು.

ವರ್ಷ ಮುಗಿಸಿ ಟಿಕೋಟಾದಲ್ಲಿ ಬಸ್ಸು ಇಳಿದಾಗ ಧೋತರ ಉಟ್ಟು ರುಮಾಲು ಸುತ್ತಿದ ಕೆಂಚಪ್ಪನೇ ಎದುರು ಬಂದ. ನನ್ನ ಟ್ರಂಕು ಹೊತ್ತುಕೊಂಡು ಮನೆಗೆ ಕರೆದೊಯ್ದು, ಕಾಲಿಗೆ ನೀರು ಕೊಟ್ಟು, ಬೆಲ್ಲ ನೀರು ತಂದಿಟ್ಟು, ನಾಚಿಕೆ ಮಾಡಿಕೊಳ್ಳಬೇಡ, ನಿನ್ನ ಮನೆಯೇ ಅಂತ ತಿಳಿದುಕೋ ಎಂದ. ನಾನು ಅವನ ಕನ್ನಡವನ್ನೇ ಕಿವಿಗೊಟ್ಟು ಕೇಳಿದೆ. ಅದು ಸಾಕ್ಷಾತ್ ನಮ್ಮ ಆಯಿಯ ಕನ್ನಡ. ಅವಳ ರಾಗ, ಅವಳ ನಿಟ್ಟುಸಿರು, ಏಳುವಾಗ ಅವಳು ಮೊಣಕಾಲ ಮೇಲೆ ಕೈಯಿಟ್ಟು 'ಯಪ್ಪಾ ಶಿವನ' ಎನ್ನುವುದು, ಎಲ್ಲವೂ. ಆಯಿ ಪ್ರೀತಿ ಉಕ್ಕಿದಾಗ "ನಿನ್ನ ಹೆಣಾ ಎತ್ಲಿ, ಬಾ ಕುಂಡರ" ಎನ್ನುವವಳು. ಕೆಂಚಪ್ಪ ಅದನ್ನು ದೊಡ್ಡವರಿಗೆ ಮಾಡುವ ನಮಸ್ಕಾರವೆಂದು ತಿಳಿದಿದ್ದ. ಇನ್ನು 'ರಿ' ಹಚ್ಚುವುದು ಅವನಿಗೆ ಗೊತ್ತೇ ಇರಲಿಲ್ಲ. ಊರಿಗೇ ಹಿರಿಯಳಾದ ಆಯಿ ಯಾರಿಗೂ ರಿ ಅಂದವಳಲ್ಲ.

ನಾನು ಬಂದ ವಾರದಲ್ಲೇ ಕನ್ಯೆ ನೋಡುವ ಕಾರ್ಯಕ್ರಮ ಇಟ್ಟಿದ್ದರು. ಕನ್ಯೆ ಬಬಲೇಶ್ವರದ ರುದ್ರಗೌಡರ ಮಗಳು ಶಕುಂತಲಾ. ನಂಟಸ್ತಿಕೆ ತಂದವರು ಅಪ್ಪನ ಗೆಳೆಯ ಖಾದರಸಾಬರು. ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಅವರ ಅರಿವೆ ಅಂಗಡಿ. ಎರಡೂ ಮನೆಯವರು ಅಲ್ಲಿಯೇ ಸೀರೆ, ಧೋತರ ಕೊಳ್ಳುವವರಾದ್ದರಿಂದ ಎರಡೂ ಮನೆಯ ಗುಣ ಅವರಿಗೆ ಗೊತ್ತು. ನಾವು ಹೊರಡುವ ಮುಂಚೆಯೇ ಅವರು ನನ್ನನ್ನು ಬದಿಗೆ ಕರೆದು ಎಚ್ಚರಿಸಿದರು: ನಾನು ಜಪಾನಿಗೆ ಹೋಗಿಯೇ ಇಲ್ಲ, ವರ್ಷವೆಲ್ಲ ಮುಂಬಯಿಯ ಮಿಲ್ಲಿನಲ್ಲಿದ್ದು, ಒಂದು ಕೈಗಡಿಯಾರ ಕೊಂಡು ವಾಪಸು ಬಂದಿದ್ದೇನೆ ಎಂದು ಯಾರೋ ಗೌಡರ ಕಿವಿ ಕಚ್ಚಿದ್ದಾರೆ, ಅವರು ಪರೀಕ್ಷೆ ಮಾಡದೆ ಬಿಡುವವರಲ್ಲ. ನಾನು ಹುಡುಗಿಯ ಫೋಟೋ ನೋಡಿ ಆಗಲೇ ಮನಸೋತಿದ್ದೆ.

ಕೆಂಚಪ್ಪನನ್ನು ಬಿಟ್ಟು ಹೋಗುವುದೆಂದು ನನ್ನ ಲೆಕ್ಕ. ಅವನು ಬರದಿದ್ದರೆ ತಾನೂ ಬರುವುದಿಲ್ಲವೆಂದು ಆಯಿ ಕೂತಳು. ಕೊನೆಗೆ ಅಪ್ಪ, ಆಯಿ, ಖಾದರಸಾಬರು, ಕೆಂಚಪ್ಪ, ನಾನು ಬಬಲೇಶ್ವರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಖಾದರಸಾಬರು ಅವನಿಗೆ ಪಾಠ ಹೇಳಿದರು. ಗೌಡರು ದೊಡ್ಡವರು, ನೀನು ಏನೇ ಅಂದರೂ ಕೊನೆಗೆ ಒಂದು ರಿ ಹಚ್ಚಲೇಬೇಕು ಎಂದು ನಾಲ್ಕಾರು ಸಲ ಹೇಳಿ, ಅವನಿಂದ ಹೇಳಿಸಿಯೂ ನೋಡಿದರು. ಹುಡುಗ ಜಾಣ, ತಲೆಯಾಡಿಸಿದ.

ಗೌಡರ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಓಣಿಯ ಜನವೆಲ್ಲ ಜಪಾನದವನನ್ನು ನೋಡಲು ಬಾಗಿಲಿಗೆ ನಿಂತಿತ್ತು. ದಪ್ಪ ಮೀಸೆಯ ರುದ್ರಗೌಡರು ಒಳಗಿನಿಂದ ಬಂದರು. ನಾವೆಲ್ಲ ಎದ್ದು ನಿಂತು ಕೈಮುಗಿದೆವು. ಕೆಂಚಪ್ಪ ಎಲ್ಲರಿಗಿಂತ ಮುಂದೆ ಹೋಗಿ, ಸೊಂಟ ಬಾಗಿಸಿ, ಸ್ಪಷ್ಟವಾಗಿ ಹೇಳಿದ:

"ನಿನ್ನ ಹೆಣಾ ಎತ್ಲಿರಿ, ಆರಾಮ ಅದಿಯೇನ್ರಿ?"

ಅಪ್ಪ ಕಣ್ಣು ಮುಚ್ಚಿಕೊಂಡರು. ಖಾದರಸಾಬರು ರಿ ಹಚ್ಚಿದ್ದಾನಲ್ಲ ಎನ್ನುವಂತೆ ಗೌಡರ ಕಡೆ ದೀನವಾಗಿ ನೋಡಿದರು. ಗೌಡರ ಮೀಸೆ ಅಲುಗಿತು. ಅಷ್ಟರಲ್ಲಿ ಗೌಡರ ಮುದಿ ತಾಯಿ ಒಳಗಿನ ಬಾಗಿಲಲ್ಲಿ ಗೋಡೆ ಹಿಡಿದುಕೊಂಡು ನಗತೊಡಗಿದಳು. ತನ್ನ ಮಗನನ್ನು ಇಷ್ಟು ಪ್ರೀತಿಯಿಂದ ಯಾರಾದರೂ ಮಾತಾಡಿಸಿ ಎಷ್ಟು ಕಾಲವಾಯಿತೋ ಎಂದಳು. ತಾಯಿ ನಕ್ಕ ಮೇಲೆ ಗೌಡರೂ ನಗಬೇಕಾಯಿತು. ಕೂಡಿರಿ ಎಂದರು. ಕೆಂಚಪ್ಪನನ್ನು ತಮ್ಮ ಮಗ್ಗುಲಲ್ಲಿ ಕೂಡಿಸಿಕೊಂಡರು.

ಆಮೇಲೆ ನನ್ನ ಸರದಿ. ಈ ಜಪಾನದ ಹುಡುಗನಿಗೆ ಚಹಾಕ್ಕೆ ಸಕ್ಕರೆ ಹಾಕಬೇಕೋ ಬೆಲ್ಲ ಹಾಕಬೇಕೋ, ಜಪಾನಿಯಲ್ಲಿ ಕೇಳಿ ಎಂದರು ಗೌಡರು. ಅಷ್ಟೇ ಪ್ರಶ್ನೆ. ನಾನು ಗಂಟಲು ಸರಿಮಾಡಿಕೊಂಡು, ಅಜ್ಜಿ ದಿನವೂ ನನ್ನನ್ನು ಕೇಳುತ್ತಿದ್ದ ಹಾಗೆಯೇ, ರಾಗ ಎಳೆದು, ಕೊನೆಗೆ ಬೇ ಹಚ್ಚಿ ಕೇಳಿದೆ. ಅಲ್ಲಿಯವರೆಗೆ ನಾವಿಬ್ಬರೂ ಕನ್ನಡದಲ್ಲೇ ಮಾತಾಡಿಕೊಂಡಿದ್ದೆವು. ನನ್ನ ಜಪಾನಿಯನ್ನು ಅವನು ಕೇಳಿದ್ದು ಅದೇ ಮೊದಲು. ಕೆಂಚಪ್ಪ ಬಾಯಿ ತೆರೆದು ನನ್ನನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ಜಮಖಾನೆಯ ಮೇಲೆ ಉರುಳಿದ. ಉರುಳಿ ನಕ್ಕ. ನಕ್ಕು ಅತ್ತ. ಗೌಡರ ಹುಬ್ಬು ಗಂಟಾಯಿತು. ಮಿಲ್ಲಿನ ಮಾತೇ ನಿಜವೆಂದು ಅವರು ತೀರ್ಮಾನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ನನ್ನ ಮದುವೆ ಬಬಲೇಶ್ವರದ ಆ ಪಡಸಾಲೆಯಲ್ಲಿ ಮುಗಿದೇ ಹೋಯಿತು ಅಂದುಕೊಂಡೆ.

ಕೆಂಚಪ್ಪ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡು ಎದ್ದು ಕೂತ. "ಗೌಡ್ರಿ, ಈಂವ ಜಪಾನಕ್ಕ ಹೋಗಿದ್ದು ಖರೇ ಐತಿರಿ. ನಮ್ಮನ್ಯಾಗ ಇದ್ದದ್ದೂ ಖರೇರಿ. ಈಂವ ಥೇಟ್ ಜಪಾನದಾಗಿನ ನಮ್ಮ ಆಯಿ ಮಾತಾಡಿಧಂಗ ಮಾತಾಡಾಕತ್ತಾನ್ರಿ" ಎಂದ. ಹಲ್ಲಿಲ್ಲದ ಅಜ್ಜಿ ಎಲ್ಲೆಲ್ಲಿ ತೊದಲುತ್ತಾಳೋ ಅಲ್ಲಲ್ಲಿ ಇವನೂ ತೊದಲುತ್ತಾನೆ, ಇದನ್ನು ಮುಂಬಯಿಯಲ್ಲಿ ಯಾರೂ ಕಲಿಸಲಾರರು ಎಂದು ವಿವರಿಸಿದ. ಒಂದು ವರ್ಷದಿಂದ ಅಜ್ಜಿಯ ದನಿ ಕೇಳಿರಲಿಲ್ಲ, ಇಂದು ಕೇಳಿದಂತಾಯಿತು ಎಂದ. ನಮ್ಮ ಆಯಿ ಅವನ ಬೆನ್ನು ಸವರಿದಳು. ಗೌಡರು ಗಂಭೀರವಾಗಿ ತಲೆದೂಗಿ, ಜಪಾನದ ಮಾತು ಖರೆಯೇ ಎಂದು ಒಪ್ಪಿಕೊಂಡರು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹುಡುಗ ಅಲ್ಲಿ ಹೇಗಿದ್ದ, ಗುಣವೆಂಥದು ಎಂದು ಗೌಡರು ಅವನನ್ನೇ ಕೇಳಿದರು. ನನಗೆ ಒಳ್ಳೆಯದು ಮಾಡಬೇಕೆಂದೇ ಕೆಂಚಪ್ಪ ಹೇಳಿದ, ತನ್ನ ಅಜ್ಜಿ ಇವನನ್ನು ಬಹಳ ಹೊಗಳಿ ಬರೆದಿದ್ದಾಳೆ, ಇವನು ಬಹಳ ಒಳ್ಳೆಯವನು, ದಿನವೂ ಮನೆಮಂದಿಯ ಪಾತ್ರೆಯನ್ನೆಲ್ಲ ತಾನೇ ತೊಳೆಯುತ್ತಿದ್ದ ಎಂದು.

ಗಂಡಸರೆಲ್ಲ ನೆಲ ನೋಡಿದರು. ಬಾಗಿಲಲ್ಲಿ ನಿಂತಿದ್ದ ಓಣಿಯ ಜನರಲ್ಲಿ ಯಾರೋ ಕಿಸಕ್ಕೆಂದರು. ಅಪ್ಪನ ಮುಖ ಕಪ್ಪಿಟ್ಟಿತು. ಚಿಚಿ ಅನ್ನಿಸಿಕೊಂಡ ದಿನವೂ ಅಷ್ಟು ಕಪ್ಪಿಟ್ಟಿರಲಿಲ್ಲ. ಖಾದರಸಾಬರು ಅಲ್ಲಿ ಎಲ್ಲ ಗಂಡಸರೂ ತೊಳೆಯುತ್ತಾರಂತೆ ಎಂದು ಹೇಳಿ ನೋಡಿದರು. ಎಲ್ಲರೂ ತೊಳೆಯುವುದಿಲ್ಲ, ನಾನಂತೂ ತೊಳೆಯುತ್ತಿರಲಿಲ್ಲ ಎಂದು ಕೆಂಚಪ್ಪ ಪ್ರಾಮಾಣಿಕವಾಗಿ ತಿದ್ದಿದ. ಗೌಡರು ಚಹಾದ ಬಸಿ ಕೆಳಗಿಟ್ಟು, ವಿಚಾರ ಮಾಡಿ ಹೇಳಿ ಕಳಿಸುತ್ತೇವೆ ಎಂದರು. ಅದರ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಪ್ಪ ಟೊಪ್ಪಿಗೆ ಕೈ ಹಾಕಿ ಏಳತೊಡಗಿದರು.

ಆಗ ಒಳಗಿನಿಂದ ಮೊದಲ ಸಲ ಹುಡುಗಿಯ ದನಿ ಕೇಳಿತು. ಅವಳು ಅಜ್ಜಿಯ ಬೆನ್ನ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಯಪ್ಪಾ, ಪಾತ್ರಿ ಅಷ್ಟ ತೊಳಿತಾರೋ, ಅರಬಿನೂ ತೊಳಿತಾರೋ ಕೇಳು."

ಗೌಡರು ನನ್ನ ಮುಖ ನೋಡಿದರು. ಅರಿವೆಯನ್ನೂ ತೊಳೆಯುತ್ತೇನೆ ಎಂದೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅವಳು ಬಬಲೇಶ್ವರದ ಎಮ್ಮೆಗಳನ್ನೆಲ್ಲ ತೊಳೆಯುತ್ತೀಯಾ ಎಂದಿದ್ದರೂ ಹೌದೆನ್ನುತ್ತಿದ್ದೆ. ಒಳಗೆ ಮುದುಕಿ, ಇಂಥವನನ್ನು ಬಿಟ್ಟರೆ ಮತ್ತೆ ಸಿಗುವುದಿಲ್ಲ, ತನಗಂತೂ ಸಿಗಲಿಲ್ಲ ಎಂದು ಮಗನಿಗೆ ಸಾರಿ ಹೇಳಿದಳು. ಗೌಡರಿಗೆ ಮಗಳ ಮಾತು ಮೀರಬಹುದಿತ್ತು, ತಾಯಿಯ ಮಾತು ಮೀರಲಾಗಲಿಲ್ಲ. ಸಕ್ಕರೆ ತಂದು ಎಲ್ಲರ ಬಾಯಿಗೆ ಹಾಕಿದರು. ಮೊದಲು ಕೆಂಚಪ್ಪನ ಬಾಯಿಗೆ.

ಅವನು ತನ್ನ ದೇಶಕ್ಕೆ ಹೊರಡುವುದರೊಳಗೆ ಮದುವೆ ಮುಗಿಸಿದರು. ಫೋಟೋ ತೆಗೆಯಲು ವಿಜಾಪುರದಿಂದ ಒಬ್ಬನನ್ನು ಕರೆಸಿದ್ದರು. ಬಬಲೇಶ್ವರದ ಬೀಗರೆಲ್ಲ ಕೆಂಚಪ್ಪನ ಪಕ್ಕದಲ್ಲೇ ನಿಲ್ಲಬೇಕೆಂದು ನೂಕಾಡಿದರು. ನಾನು ಜಪಾನಿನ ಸಂಸ್ಕಾರದಂತೆ ಎಲ್ಲರಿಗೂ ಬಾಗಿ ಬಾಗಿ ಜಾಗ ಬಿಟ್ಟುಕೊಡುತ್ತ ಹೋದೆ. ಆ ಫೋಟೋ ಈಗಲೂ ನಮ್ಮ ಪಡಸಾಲೆಯಲ್ಲಿ ತೂಗುತ್ತಿದೆ. ನಡುವೆ ನನ್ನ ಹೆಂಡತಿ, ಅವಳ ಮಗ್ಗುಲಿಗೆ ಆಯಿ, ಆಯಿಯ ಮಗ್ಗುಲಿಗೆ ಜರಿ ರುಮಾಲಿನ ಕೆಂಚಪ್ಪ. ತೀರ ಅಂಚಿನಲ್ಲಿ ಬಾಸಿಂಗ ಕಟ್ಟಿದ ಅರ್ಧ ಮನುಷ್ಯನೊಬ್ಬ ಯಾರಿಗೋ ಬಾಗುತ್ತಿದ್ದಾನೆ. ಮನೆಗೆ ಬಂದವರು ಅದನ್ನು ನೋಡಿ, ರುಮಾಲಿನವರು ಟಿಕೋಟಾದ ಯಾವ ಮನೆತನದವರು ಎಂದು ಕೇಳುತ್ತಾರೆ. ನಮ್ಮ ಮನೆಯವರೇ ಎನ್ನುತ್ತಾಳೆ ನನ್ನ ಹೆಂಡತಿ. ಈ ಅರ್ಧ ಕಾಣುವವರು ಯಾರು ಎಂದು ಕೇಳಿದರೆ, "ಅವ್ರಾ? ಒಳಗ ಕಪ್ಪ ಬಸಿ ತೊಳಿಯಾಕತ್ತಾರ್ರಿ, ತಡೀರಿ ಕರೀತೀನಿ" ಎನ್ನುತ್ತಾಳೆ. ನಾನು ಕೈ ಒರೆಸಿಕೊಂಡು ಹೊರಗೆ ಬರುತ್ತೇನೆ. ಬಂದವರು ಫೋಟೋವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಉಳಿದರ್ಧ ಇದೇ ಇರಬೇಕು ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ.