ಹುಲಿಯ ಎದುರಿನ ಪುಟ

ಎಡಪುಟಕ್ಕೆ ಜಿಂಕೆ, ಬಲಪುಟಕ್ಕೆ ಹುಲಿ ಇಟ್ಟದ್ದೇ ತಪ್ಪಾಯಿತು. ಕಾಡುಪ್ರಾಣಿಗಳ ಚಿತ್ರಪ್ರದರ್ಶನಕ್ಕೆ ಕ್ಯಾಟಲಾಗ್ ಸಿದ್ಧಪಡಿಸುವ ಕೆಲಸ ನಮ್ಮ ವಿನ್ಯಾಸಗಾರನ ಪಾಲಿಗೆ ಬಂದಿತ್ತು. ಸಂಜೆ ಆ ಚಿತ್ರಗಳನ್ನು ಬರೆದ ಹಿರಿಯ ಕಲಾವಿದರು ಬಂದು ಒಪ್ಪಿದರೆ ಪುಸ್ತಕದಲ್ಲಿ ಅವನ ಹೆಸರೂ ಅಚ್ಚಾಗುತ್ತದೆ ಎಂದು ಪ್ರೆಸ್ಸಿನ ಯಜಮಾನರು ಮಾತು ಕೊಟ್ಟಿದ್ದರು. ಇಷ್ಟು ವರ್ಷ ಊರವರ ಹೆಸರನ್ನೆಲ್ಲ ಅಂದವಾಗಿ ಕೂರಿಸಿದವನಿಗೆ ತನ್ನ ಹೆಸರನ್ನೂ ಒಮ್ಮೆ ಅಚ್ಚಿನಲ್ಲಿ ನೋಡುವ ಆಸೆ ಬೆಟ್ಟದಷ್ಟಿತ್ತು.

ಬೆಳಿಗ್ಗೆ ಕರಡು ತಿದ್ದುವ ಅಕ್ಕ ಮಾದರಿ ಪ್ರತಿಯನ್ನು ತಿರುವಿಹಾಕಿ, ಮುಚ್ಚಿ, ಮತ್ತೆ ತೆರೆದು ಮುಖ ಸಣ್ಣದು ಮಾಡಿದಳು.

"ಅಲ್ಲಪ್ಪಾ, ಪುಸ್ತಕ ಮುಚ್ಚಿದ್ರೆ ಹುಲಿ ಬಾಯಿ ನೇರ ಜಿಂಕೆ ಕುತ್ತಿಗೆ ಮೇಲೇ ಬರುತ್ತಲ್ಲ. ಕಪಾಟಲ್ಲಿ ವರ್ಷಗಟ್ಟಲೆ ಹಾಗೇ ಇರ್ಬೇಕಾ, ಪಾಪ?"

ನಕ್ಕು ಸುಮ್ಮನಾಗಬಹುದಿತ್ತು. ಆದರೆ ನಮ್ಮವನದು ಮೊದಲೇ ತೇಲುವ ಮನಸ್ಸು. ಪುಸ್ತಕ ಮುಚ್ಚಿ ಕಿವಿಗಿಟ್ಟುಕೊಂಡರೆ ಒಳಗೆ ಒಣಹುಲ್ಲು ಸರಿದ ಸದ್ದಾಯಿತು. ಕಿಟಕಿಯ ಬಿಸಿಲು ಮೇಜಿನ ಮೇಲೆ ಹುಲ್ಲುಗಾವಲಿನಂತೆ ಹಳದಿಯಾಗಿ ಹರಡಿತ್ತು. ಜಿಂಕೆಯನ್ನು ಎತ್ತಿ ಹಿಂದಿನ ಪುಟಗಳಿಗೆ ಓಡಿಸಿದ. ಅದರ ಜಾಗಕ್ಕೆ ಮೊಲ ಬಂತು. ಮೊಲದ ಜೊತೆ ಮರಿಗಳೂ ಇವೆಯೆಂದು ಅಕ್ಕ ನೆನಪಿಸಿದಳು. ಕಾಡೆಮ್ಮೆ ಇಟ್ಟರೆ, ಅದರ ಕೊಂಬು ಹುಲಿಯ ಕಣ್ಣಿಗೇ ಚುಚ್ಚುತ್ತದೆಂದು ಅಚ್ಚು ಯಂತ್ರದವನು ತಕರಾರು ತೆಗೆದ. ಅವನು ಹುಲಿಯ ಪಕ್ಷ. ಆನೆ ಇಟ್ಟಾಗ ಯಜಮಾನರೇ ಎದ್ದು ಬಂದು, ಪಾಪದ ಹುಲಿ ಅಪ್ಪಚ್ಚಿಯಾಗುತ್ತದಲ್ಲಯ್ಯ ಎಂದರು. ಮಧ್ಯಾಹ್ನದ ಹೊತ್ತಿಗೆ ಪ್ರೆಸ್ಸು ಎರಡು ಪಕ್ಷವಾಗಿ, ಹುಲಿಯವರು ಜಿಂಕೆಯವರ ಜೊತೆ ಊಟಕ್ಕೆ ಕೂರಲಿಲ್ಲ.

ನಮ್ಮವನಿಗೆ ಕೂತಲ್ಲೇ ತೂಕಡಿಕೆ ಬಂತು. ತೂಕಡಿಕೆಯಲ್ಲಿ ಪ್ರಾಣಿಗಳೆಲ್ಲ ಮೆಲ್ಲನೆ ಬಂದು ಮೇಜಿನ ಸುತ್ತ ಕೂತವು. ಮನೆ ಕೊಡಿಸುವ ದಲ್ಲಾಳಿಯನ್ನು ನೋಡುವಂತೆ ಅವನನ್ನೇ ನೋಡುತ್ತಿದ್ದವು. ಎಚ್ಚರವಾದಾಗ ದಾರಿ ಹೊಳೆದಿತ್ತು. ಹುಲಿಯ ಎದುರಿನ ಪುಟವನ್ನು ಖಾಲಿ ಬಿಟ್ಟ. ಎಷ್ಟು ಸಮಾಧಾನವಾಯಿತೆಂದರೆ ಅವನ ಕಣ್ಣು ತುಂಬಿ ಬಂತು.

ಯಜಮಾನರು ಹೌಹಾರಿದರು. ನೋಡಿದವರು ಅಚ್ಚು ತಪ್ಪಿದೆ ಅನ್ನುವುದಿಲ್ಲವೇ, ಹೆಸರಿನ ಆಸೆ ಬಿಟ್ಟುಬಿಡು ಎಂದು ಗದರಿಕೊಂಡರು. ಅಷ್ಟರಲ್ಲಿ ಕಲಾವಿದರು ಬಂದೇಬಿಟ್ಟರು. ಮುದುಕರು ಕನ್ನಡಕ ಏರಿಸಿ, ಖಾಲಿ ಪುಟವನ್ನು ಬಹಳ ಹೊತ್ತು ನೋಡಿ ಕಾರಣ ಕೇಳಿದರು. ಇವನು ತಡವರಿಸುತ್ತ ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಮುದುಕರು ಅವನ ಕೈ ಹಿಡಿದುಕೊಂಡರು.

"ಜೀವಮಾನವೆಲ್ಲ ಪ್ರಾಣಿ ಬರೆದೆ. ಅವುಗಳ ಮೇಲೆ ಇಷ್ಟು ಮರುಕ ಇರೋ ಮನುಷ್ಯನ್ನ ನೋಡಿರಲಿಲ್ಲ," ಎಂದು ಯಜಮಾನರ ಕಡೆ ತಿರುಗಿದರು. "ಬರೀ ಹೆಸರು ಹಾಕಿದ್ರೆ ಸಾಲದು ಸ್ವಾಮಿ. ಈ ಪುಟದ ತುಂಬ ಇವರ ಫೋಟೋನೇ ಹಾಕಿ."

ಹುಲಿಯ ಪಕ್ಷ, ಜಿಂಕೆಯ ಪಕ್ಷ ಎರಡೂ ಒಂದಾಗಿ ಚಪ್ಪಾಳೆ ತಟ್ಟಿದವು. ಕತ್ತಲಾಗುವಷ್ಟರಲ್ಲಿ ಹೊಸ ಮಾದರಿ ಪ್ರತಿ ಕೈಗೆ ಬಂತು. ಪುಟದ ತುಂಬ ಅವನ ಮುಖ, ಕೆಳಗೆ ಹೆಸರು, ಎದುರಿಗೆ ಹುಲಿ. ಮುಚ್ಚಲು ಕೈ ಬಾರದೆ, ದೀಪಗಳು ಹತ್ತುತ್ತಿದ್ದ ಬೀದಿಯಲ್ಲಿ ಪುಸ್ತಕವನ್ನು ತುಂಬಿದ ತಟ್ಟೆಯಂತೆ ಎರಡೂ ಕೈಯಲ್ಲಿ ಬಿಚ್ಚಿ ಹಿಡಿದುಕೊಂಡೇ ಮನೆಯವರೆಗೂ ನಡೆದ.

ಹೆಂಡತಿ ಫೋಟೋ ನೋಡಿ ಹಿಗ್ಗಿಹೋದಳು. ನೆರೆಮನೆಯವರಿಗೆಲ್ಲ ತೋರಿಸಿ ಬರುತ್ತೇನೆಂದು ಪುಸ್ತಕವನ್ನು ಪಟ್ಟನೆ ಮುಚ್ಚಿ, ಕಂಕುಳಲ್ಲಿ ಬಿಗಿಯಾಗಿ ಇರುಕಿಕೊಂಡು ಹೊರಟಳು. ನಮ್ಮವನು ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತ ಕುರ್ಚಿಯ ಮೇಲೆ ಕುಸಿದ.