ಅತ್ತೆಯ ಹಾಜರಿ ಪುಸ್ತಕದಲ್ಲಿ ಒಬ್ಬ ಮೇಜರ್

ಕಳೆದ ವರ್ಷ ಜೂನ್ ಮೊದಲ ಭಾನುವಾರ ಹೆತ್ತೂರು ಕಡೆಯ ನನ್ನ ಸೋದರತ್ತೆ ಒಂದು ಕಾದಂಬರಿ ಓದಿ ಮುಗಿಸಿದರು. ಅಂದಿನಿಂದ ಅದರ ಬಗ್ಗೆ ಅಭಿಪ್ರಾಯ ಹೇಳದ ಯಾರಿಗೂ ಆ ಮನೆಯಲ್ಲಿ ಕಾಫಿ ಸಿಕ್ಕಿಲ್ಲ. ಸುತ್ತ ನಾಲ್ಕೂ ದಿಕ್ಕಿಗೆ ಕಾಫಿ ತೋಟವೇ ಇರುವ ಮನೆ ಅದು!

ಪತ್ರಿಕೆಯ ಡೆಸ್ಕಿನಲ್ಲಿ ತಲೆ ನರೆಸಿಕೊಂಡವನು ನಾನು. ಉತ್ಪ್ರೇಕ್ಷೆ ಕಂಡರೆ ಕೆಂಪು ಪೆನ್ನು ತಾನಾಗಿಯೇ ಕೈಗೆ ಬರುತ್ತದೆ. ಮೇಲಿನ ಮಾತನ್ನು ಪರಿಶೀಲಿಸಿಯೇ ಬರೆದಿದ್ದೇನೆ. ಎರಡು ಸಲ ಬರಿಬಾಯಲ್ಲಿ ಹಾಸನದ ಬಸ್ಸು ಹತ್ತಿದವನೂ ನಾನೇ.

ಪುಸ್ತಕ ಪಕ್ಕದ ಹೋಂಸ್ಟೇಗೆ ಬಂದ ಯಾರೋ ಮರೆತು ಬಿಟ್ಟುಹೋದದ್ದು. ರಟ್ಟಿನ ಮೇಲೆ ಸಮವಸ್ತ್ರದ ಗಂಡಸು, ಹಿಂದೆ ಹೆಲಿಕಾಪ್ಟರು, ಮೋಡದಲ್ಲಿ ಒಬ್ಬ ಹೆಂಗಸಿನ ಮುಖ. ಕಥೆ ಇಷ್ಟು: ಒಬ್ಬ ಮೇಜರ್, ಒಬ್ಬಳು ಡಾಕ್ಟರ್, ಇಬ್ಬರಿಗೂ ಪ್ರೇಮ. ಮೇಜರ್ ಗುಟ್ಟಿನ ಕೆಲಸದ ಮೇಲೆ ಗಡಿಗೆ ಹೋಗಿ ಒಂದು ವರ್ಷ ಸುದ್ದಿಯೇ ಇಲ್ಲ. ಇತ್ತ ಡಾಕ್ಟರಮ್ಮನನ್ನು ಕೊಲ್ಲಲು ಯಾರೋ ಹೊಂಚು ಹಾಕುತ್ತಿರುತ್ತಾರೆ. ಇನ್ನೂರ ಹದಿನಾಲ್ಕನೇ ಪುಟದಲ್ಲಿ ಮೇಜರ್ ಕಿಟಕಿ ಒಡೆದು ಒಳಗೆ ಹಾರುತ್ತಾನೆ. ಅವಳು ಎರಡೇ ಸಾಲಿನಲ್ಲಿ ಕ್ಷಮಿಸುತ್ತಾಳೆ.

ಆ ಎರಡು ಸಾಲೇ ಅತ್ತೆಯ ತಕರಾರು.

"ಒಂದು ವರ್ಷ ಒಂದು ಕಾಗದ ಹಾಕ್ಲಿಲ್ಲ ಕಣೋ! ಕಿಟಕಿ ಒಡೆದ ತಕ್ಷಣ ಕ್ಷಮಿಸ್ಬುಡೋದಾ? ಗಾಜಿಗಿರೋ ಮರ್ಯಾದೆ ಕಾಗದಕ್ಕೆ ಬ್ಯಾಡ್ವಾ?"

ಅತ್ತೆಯ ಅಪ್ಪ, ಅಂದರೆ ನನ್ನ ತಾತ, ಎಸ್ಟೇಟಿನ ರೈಟರ್. ಆಳುಗಳ ಹಾಜರಿ ಬರೆಯುವುದು ಅವರ ಕೆಲಸ. ಮಗಳಿಗೆ ಬಂದ ಆಸ್ತಿ ಆ ಅಭ್ಯಾಸವೊಂದೇ. ಅತ್ತೆ ಹಳೆಯ ಹಾಜರಿ ಪುಸ್ತಕವೊಂದನ್ನು ಅಟ್ಟದಿಂದ ಇಳಿಸಿ ಓದುಗರ ಹೆಸರು ಬರೆಯತೊಡಗಿದರು. ಪುಸ್ತಕ ಒಬ್ಬೊಬ್ಬರ ಕೈಲಿ ಒಂದು ವಾರ. ಪೂರ್ತಿ ಓದಿ ಅಭಿಪ್ರಾಯ ಹೇಳಿದವರಿಗೆ ಪೂರ್ತಿ ಹಾಜರಿ, ತುಂಬಿದ ಲೋಟ ಕಾಫಿ. ಪುಟ ಹಾರಿಸಿದವರಿಗೆ ಅರ್ಧ ಹಾಜರಿ, ಅರ್ಧ ಲೋಟ. ಓದದವರಿಗೆ ನೀರು.

ಪುಟ ಹಾರಿಸಿದ್ದು ಗೊತ್ತಾಗುವುದು ಹೇಗೆ? ಪರೀಕ್ಷೆ! ಹಸು ನೋಡಲು ಬರುವ ಕಾಂಪೌಂಡರ್ ನಂಜೇಗೌಡರು, "ಪುಸ್ತಕ ಬಲು ಚೆನ್ನಾಗೈತೆ ಕಣಕ್ಕ, ಬಾಂಬ್ ಹಾಕೋದಂತೂ ಭಾರಿ" ಎಂದು ಶುರು ಮಾಡಿದ್ದರು.

"ಹೆಲಿಕಾಪ್ಟರ್ ಇಳಿದಾಗ ಡಾಕ್ಟರಮ್ಮ ಯಾವ ಬಣ್ಣದ ಸೀರೆ ಉಟ್ಟಿದ್ಲು?"

ಗೌಡರು ಹಸುವಿನ ಮುಖ ನೋಡಿದರು. ಅದು ಸಹಾಯ ಮಾಡಲಿಲ್ಲ. "ನೀಲಿ?"

"ಅವ್ಳು ಸೀರೇನೇ ಉಟ್ಟಿರ್ಲಿಲ್ಲ ಮಾರಾಯ! ಪ್ಯಾಂಟು!"

ಅರ್ಧ ಲೋಟ.

ಸಕಲೇಶಪುರದಲ್ಲಿ ಬೇಕರಿ ಇಟ್ಟಿರುವ ಲಿಲ್ಲಿಬಾಯಿ ಮಂಗಳೂರು ಕಡೆಯವರು. ಎರಡು ಸಲ ಓದಿ, ಬನ್ನಿನ ಪೊಟ್ಟಣದ ಜೊತೆ ಅಭಿಪ್ರಾಯ ತಂದರು. "ಎಂತ ಮಾರಾಯ್ತಿ, ಪ್ರೀತಿ ಅಂದ ಮೇಲೆ ಕ್ಷಮಿಸ್ಬೇಕಲ್ವಾ? ಮೇಜರ್ ಬಂದ ಪುಟದಲ್ಲಿ ನಾನು ಅತ್ತು ಒಲೆಯಲ್ಲಿದ್ದ ರಸ್ಕ್ ಎಲ್ಲ ಕರಿಯಾಯ್ತು."

"ರಸ್ಕ್ ಸುಟ್ಟದ್ದಕ್ಕೆ ಅವ್ನು ಬಂದು ಕ್ಷಮೆ ಕೇಳಿದ್ನಾ?" ಎಂದರು ಅತ್ತೆ. ಪೂರ್ತಿ ಹಾಜರಿ ಹಾಕಿದರು; ಪಕ್ಕದಲ್ಲಿ 'ಮೆದು ಮನಸ್ಸು' ಎಂದು ಷರಾ ಬರೆದರು.

ತೋಟದಾಳುಗಳ ಲೈನ್ ಮನೆಯಲ್ಲಿರುವ ರತ್ನ ಓದಲಿಲ್ಲ. ಅತ್ತೆ ಓದುವಾಗ ಕಾಫಿ ಬೀಜ ಆರಿಸುತ್ತಾ ಕೇಳಿದಳು. "ನಾನಾಗಿದ್ರೆ ಕಿಟಕಿ ಗಾಜು ಅವನ ಕೈಲೇ ಗುಡಿಸ್ತಿದ್ದೆ ಕಣ್ರಮ್ಮ" ಎಂಬುದು ಅವಳ ಅಭಿಪ್ರಾಯ. ಕೇಳಿದವಳಿಗೆ ಎಷ್ಟು ಹಾಜರಿ ಎಂದು ನಾನು ಆಕ್ಷೇಪ ಎತ್ತಿದೆ.

"ಪೂರ್ತಿ ಕಣೋ. ಕೇಳೋರು ಪುಟ ಹಾರಿಸೋಕ್ಕಾಗಲ್ಲ."

ಮೂರನೇ ಭೇಟಿಗೆ ನಾನೂ ಓದಿಕೊಂಡು ಹೋದೆ. ನನ್ನ ವೃತ್ತಿಗೆ ತಕ್ಕಂತೆ ಹೇಳಿದೆ: ಮೇಜರ್‌ನ ಕಡೆಯಿಂದ ನೋಡಿದರೆ ಕರ್ತವ್ಯ, ಡಾಕ್ಟರ್ ಕಡೆಯಿಂದ ನೋಡಿದರೆ ನೋವು, ಎರಡರಲ್ಲೂ ಹುರುಳಿದೆ.

"ಎರಡೂ ಕಡೆ ಹೇಳೋನಿಗೆ ಅರ್ಧ ಹಾಜರಿ" ಎಂದರು ಅತ್ತೆ. ಮುನ್ನೂರ ನಲವತ್ತು ಪುಟ ಓದಿದವನಿಗೆ!

ಲೋಟ ಹಿಡಿದು ಅಡುಗೆಮನೆಗೆ ಹೋದರೆ ಅಲ್ಲಿ ಮಾವ ತಮ್ಮ ಕಾಫಿ ತಾವೇ ಕಾಸಿಕೊಳ್ಳುತ್ತಿದ್ದರು. ಹಾಜರಿ ಪುಸ್ತಕದ ಮೊದಲ ಹೆಸರೇ ಅವರದು. ಅದರ ಮುಂದೆ ವಾರವಾರವೂ 'ಗೈರು'.

ಮಾವ ಹದಿನೇಳು ವರ್ಷ ಸೈನ್ಯದಲ್ಲಿದ್ದವರು. ಸಿಗ್ನಲ್ಸ್ ವಿಭಾಗ; ಇಡೀ ಪಲ್ಟಣದ ಸುದ್ದಿ ಮುಟ್ಟಿಸುವುದೇ ಕೆಲಸ. ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಆರು ನಾಯಿಗೆ. ಕಾದಂಬರಿಯನ್ನು ಅವರು ಮುಟ್ಟಿರಲಿಲ್ಲ. ರಟ್ಟನ್ನು ಮಾತ್ರ ನೋಡಿ, "ವೈರ್‌ಲೆಸ್ ಸೆಟ್ ತಲೆಕೆಳಗಾಗಿ ಹಿಡ್ಕಂಡವ್ನೆ" ಎಂದಿದ್ದರು. ಅದನ್ನು ಅಭಿಪ್ರಾಯವೆಂದು ಅತ್ತೆ ಒಪ್ಪಲಿಲ್ಲ.

ಅತ್ತೆಯ ಬಳಿ ವಾಪಸು ಬಂದು, "ಊರಿನೋರೆಲ್ಲ ಹೇಳಿದ್ದಾಯ್ತಲ್ಲ, ಮಾವನ್ನ ಬಿಟ್ಟುಬಿಡಿ ಅತ್ತೆ" ಎಂದೆ.

ಅತ್ತೆ ಪೆನ್ನಿನ ಮುಚ್ಚಳ ಹಾಕಿದರು. "ಊರಿನೋರ ಅಭಿಪ್ರಾಯ ನಂಗ್ಯಾಕೆ ಬೇಕೋ? ಮದುವೆಯಾದ ಎರಡನೇ ವರ್ಷ ಇವ್ರು ಎಂಟು ತಿಂಗಳು ಕಾಗದ ಹಾಕ್ಲಿಲ್ಲ. ಬದುಕವ್ರೋ ಇಲ್ವೋ ಗೊತ್ತಿಲ್ಲ. ಆಮೇಲೊಂದಿನ ಬಂದ್ರು, ಟ್ರಂಕ್ ಇಳಿಸಿದ್ರು, ನೀರು ಕೇಳಿದ್ರು. ಕೊಟ್ಟೆ."

"ಯಾಕೆ ಅಂತ ಕೇಳಲಿಲ್ವಾ?"

"ನಮ್ಮತ್ತೆ ಎದುರಿಗಿದ್ರು. ಆಮೇಲೆ ಕೇಳೋ ಹೊತ್ತು ಮೀರಿಹೋಯ್ತು. ಈಗ ಮೇಜರ್ ಹೆಸರಲ್ಲಾದ್ರೂ ಹೇಳ್ತಾರೇನೋ ಅಂತ."

ನಲವತ್ತು ವರ್ಷದ ಹಿಂದಿನ ಪ್ರಶ್ನೆಗೆ ಕಾಂಪೌಂಡರಿಂದ ಹಿಡಿದು ಬೇಕರಿಯವರೆಗೆ ಎಲ್ಲರನ್ನೂ ಸಾಕ್ಷಿಗೆ ಕರೆದಿದ್ದರು ಮಹಾತಾಯಿ!

ಫೆಬ್ರವರಿಯಲ್ಲಿ ಕಾದಂಬರಿ ಕಾಣೆಯಾಯಿತು. ಅತ್ತೆ ಮೊದಲು ಲಿಲ್ಲಿಬಾಯಿಗೆ ಫೋನ್ ಮಾಡಿದರು, ಆಮೇಲೆ ನನಗೆ. "ನಿಮ್ಮ ಪೇಪರ್‌ನೋರು ಹೊತ್ಕೊಂಡು ಹೋಗಿಲ್ಲ ತಾನೆ?" ನಂಜೇಗೌಡರಂತೂ ಹಸುವಿನ ಮೇಲೆ ಆಣೆ ಇಟ್ಟರು. ಹುಡುಕಿಕೊಟ್ಟವಳು ರತ್ನ. ಕಾಳುಮೆಣಸು ಕೊಯ್ಯಲು ಹೋಗಿದ್ದ ಮಾವ ಏಣಿಯ ಮೇಲೆ ಕೂತು ಓದುತ್ತಿದ್ದರಂತೆ. ಚೀಲದಲ್ಲಿ ಎರಡು ಹಿಡಿ ಮೆಣಸಿತ್ತಂತೆ, ಕಣ್ಣಿಗೆ ಕನ್ನಡಕ. "ಅಮ್ಮನಿಗೆ ಹೇಳ್ಬ್ಯಾಡ" ಎಂದರಂತೆ. ಅವಳು ಕೂಡಲೇ ಬಂದು ಹೇಳಿದಳು.

ಅಂದು ರಾತ್ರಿ ಅತ್ತೆ ಹಾಜರಿ ಪುಸ್ತಕವನ್ನೂ ಪೆನ್ನನ್ನೂ ಕಾಫಿಪುಡಿ ಡಬ್ಬದ ಪಕ್ಕ ಇಟ್ಟು ಬಂದು ಮಲಗಿದರು.

ಮರುದಿನ ಬೆಳಿಗ್ಗೆ ಮೊದಲ ಹೆಸರಿನ ಮುಂದೆ ತಂತಿ ಸಂದೇಶದ ಧಾಟಿಯಲ್ಲಿ ಹೀಗೆ ಬರೆದಿತ್ತು. ಇದ್ದದ್ದನ್ನು ಇದ್ದಂತೆ ನಕಲು ಮಾಡಿದ್ದೇನೆ:

"ಇನ್ನೂರ ಹದಿನಾಲ್ಕನೇ ಪುಟದವರೆಗೆ ಓದಿದೆ. ಮುಂದೆ ಆಗಲಿಲ್ಲ. ಕ್ಷಮಿಸಿದ್ದು ತಪ್ಪು. ಮೇಜರ್‌ಗಾದರೂ ಗುಟ್ಟಿನ ಕೆಲಸ ಇತ್ತು. ನನಗೆ ಇರಲಿಲ್ಲ. ನಿನ್ನ ಕಾಗದ ನಾಲ್ಕು ಹಾಳೆ ಬಂತು. ಹಸು ಕರು ಹಾಕಿದ್ದು, ತೋಟ ಹೂ ಬಿಟ್ಟಿದ್ದು, ಎಲ್ಲ ಇತ್ತು. ನನಗೆ ನಾಲ್ಕು ಸಾಲಿಗಿಂತ ಹೆಚ್ಚು ಬರೆಯಲು ಬರುತ್ತಿರಲಿಲ್ಲ. ಬರೆದು ಹರಿದೆ. ಎಂಟು ತಿಂಗಳೂ ಹರಿದೆ. ನಾಚಿಕೆ ಆಯಿತು."

ಕೆಳಗೆ ರುಜು.

ಅತ್ತೆ ಅದನ್ನು ನಿಂತೇ ಓದಿದರೆಂದು ರತ್ನ ಹೇಳುತ್ತಾಳೆ. ಆಮೇಲೆ ನಿಯಮದ ಪ್ರಕಾರ 'ಅರ್ಧ' ಎಂದು ಬರೆದರು. ಷರಾ ಜಾಗವನ್ನು ಖಾಲಿ ಬಿಟ್ಟರು.

ಕಳೆದ ಭಾನುವಾರ ನಾನು ಹೋದಾಗ ಮಾವ ಜಗಲಿಯಲ್ಲಿ ಕೂತಿದ್ದರು. ಅತ್ತೆ ಗಟ್ಟಿಯಾಗಿ ಓದುತ್ತಿದ್ದರು, ಇನ್ನೂರ ಮೂವತ್ತೊಂದನೇ ಪುಟ. ಮಾವನ ಲೋಟ ತುಂಬಿತ್ತು.